ನೀವು ರಾಜಿಯೇ?

ಮುಹರ್ರಕ್‌ನ ಹಳೆಯ ಗಲ್ಲಿಗಳು ನನ್ನ ಪಾಲಿಗೆ.
ಟ್ಯಾಬ್ಲೆಟ್ಟು ಗುತ್ತಿಗೆದಾರನದು, ಕೊರಳ ಚೀಟಿ ನಗರಸಭೆಯದು,
ಛತ್ರಿ ಮಾತ್ರ ನನ್ನದು.
ಪರದೆಯ ಮೇಲೆ ಐದು ಮುಖ:
ಕೆಂಪಗೆ ಮುನಿದದ್ದು, ಕಿತ್ತಳೆಯಲ್ಲಿ ಮೂತಿ ತಿರುವಿದ್ದು,
ನಡುವೆ ಯಾವುದಕ್ಕೂ ಸೇರದ ಹಳದಿ,
ಆಮೇಲೆ ಎರಡು ಹಸಿರು. ಕೊನೆಯದಕ್ಕೆ ಹಲ್ಲು ಕಾಣಿಸುತ್ತದೆ.
ಪ್ರಶ್ನೆ ಇಪ್ಪತ್ತೆರಡು. ಮನೆಗೆ ಒಂದೇ ಉತ್ತರ.
ನಗರಸಭೆಯ ಸೇವೆಗಳ ಬಗ್ಗೆ ನೀವು ರಾಝಿಯೇ?

ಅರಬಿಯಲ್ಲಿ ರಾಝಿ ಅಂದರೆ ತೃಪ್ತಿಯಲ್ಲಿರುವವನು.
ತರಬೇತಿಯಲ್ಲಿ ಬದ್ರಿಯಾ ಮೇಡಂ ಮೂರು ಸಲ ಹೇಳಿಸಿದರು.
ನನ್ನ ಕಿವಿ ಹೊನ್ನಾವರದ್ದು,
ಅದಕ್ಕೆ ಕೇಳಿಸುವುದು ಕೋರ್ಟಿನ ಕಟ್ಟೆಯ ಮೇಲೆ
ಎರಡು ಪಕ್ಷದವರು ಮಾಡಿಕೊಂಡ ರಾಜಿ:
ಗಡಿಗಲ್ಲು ನಿನ್ನ ಕಡೆ ಒಂದು ಮೊಳ, ಬಾವಿ ನನಗೆ,
ಇನ್ನು ಆ ಮಾತು ಬೇಡ.

ಮೊದಲ ಬಾಗಿಲು ಉಮ್ಮ್ ಸುಹೈಲ್.
ಕೂರಿಸಿ ಕಾವಾ ಕೊಟ್ಟರು. "ಚುನಾವಣೆಗೆ ಮುಂಚೆ
ಇದೇ ಕುರ್ಚಿಯಲ್ಲಿ ಕೂತು ರಸ್ತೆಗೆ ಹಂಪು ಹಾಕಿಸುತ್ತೇನೆ ಅಂದಿದ್ದ.
ಹಾಕಿಸಿದ, ಅವನ ತಂಗಿಯ ಮನೆಯೆದುರು.
ಒತ್ತು, ಕೆಂಪು ಒತ್ತು."
ನಾನು ಒತ್ತುವಷ್ಟರಲ್ಲಿ ಮಣಿಕಟ್ಟು ಹಿಡಿದರು:
"ತಡಿ. ಹಳದಿ ಮಾಡು. ಅವನ ತಾಯಿ ನನ್ನ ಗೆಳತಿ."

ಕೋಲ್ಡ್ ಸ್ಟೋರಿನ ಲ್ಯಾನ್ಸಿ ಕುವೆಲ್ಲೊ
ಪ್ರಶ್ನೆ ಕೇಳುವ ಮೊದಲೇ ಹಲ್ಲಿನ ಹಸಿರು ಒತ್ತಿದ,
ಇಪ್ಪತ್ತೆರಡು ಸಲ, ಹಾಲಿನ ಪೊಟ್ಟಣ ಎಣಿಸುವ ಹಾಗೆ.
ಅವನ ಲೈಸೆನ್ಸಿನ ಫೈಲು ಅದೇ ಕಟ್ಟಡದಲ್ಲಿ, ಮೂರನೇ ಮಹಡಿಯಲ್ಲಿ.

ಮುಂದಿನ ಬಾಗಿಲಿಗೆ ನಂಬರಿಲ್ಲ.
ಹೊಸ್ತಿಲಲ್ಲಿ ಹನ್ನೆರಡು ಜೊತೆ ಚಪ್ಪಲಿ, ಕರೆಂಟಿನ ಮೀಟರು ಒಂದು.
ಮೀಟರು ಒಂದಾದರೆ ಮನೆ ಒಂದು, ಮನೆ ಒಂದಾದರೆ
ಮನಸ್ಸೂ ಒಂದು ಎಂದು ಟ್ಯಾಬ್ಲೆಟ್ಟಿನ ಹಟ.
ಸರಿ, ಪಂಚಾಯಿತಿಗೆ ಕೂತರು,
ಮೇಲಿನ ಮಂಚದವರು ಕಾಲು ಇಳಿಬಿಟ್ಟು
ಕೆಳಗಿನವರು ಆ ಕಾಲುಗಳ ನಡುವೆ ತಲೆ ತೂರಿಸಿ.
ಉದ್ಯಾನ? ಯಾರೂ ನೋಡಿಲ್ಲ. ಒಬ್ಬ ನೋಡಿದ್ದ,
ಕಲ್ಲು ಹಾಸುವಾಗ. ಕಲ್ಲು ಚೆನ್ನಾಗಿದೆ ಅಂದ. ಹಸಿರು.
ಕಸ ವಿಲೇವಾರಿ? ಎಲ್ಲರೂ ಮೊಫಿಜುಲ್‌ನ ಕಡೆ ತಿರುಗಿದರು.
ಆ ಲಾರಿಯ ಹಿಂದೆ ಜೋತುಬೀಳುವವನು ಅವನೇ.
"ನನ್ನ ಕೆಲಸಕ್ಕೆ ನಾನೇ ಅಂಕ ಹಾಕಲಾ ಅಕ್ಕಾ?
ಆಗಸ್ಟಿನಲ್ಲಿ ಮೀನಿನ ತಲೆ ಹೇಗಿರುತ್ತೆ ಗೊತ್ತಾ?
ಹಲ್ಲಿನದ್ದೇ ಹಾಕಿ."

ಹದಿನೇಳನೆಯದು ಬೀದಿದೀಪ.
ಹನ್ನೊಂದು ಜನ ಒಟ್ಟಿಗೆ: ಕೆಂಪು!
ಎದುರಿನ ಕಂಬ ಕಣ್ಣು ಮುಚ್ಚಿ ನಾಲ್ಕು ತಿಂಗಳು,
ಇಗೋ ಇವನ ಕಾಲುಳುಕಿದ್ದು ನೋಡಿ.
ಹನ್ನೆರಡನೆಯವನು, ಟೀಕಾರಾಮ್, ಸುಮ್ಮನಿದ್ದವನು
ಗಲ್ಲಿಯ ತನಕ ಹಿಂದೆ ಬಂದು ದನಿ ತಗ್ಗಿಸಿದ:
ದಿನಾ ರಾತ್ರಿ ಹತ್ತಕ್ಕೆ ಆ ಕಂಬಕ್ಕೆ ಒರಗಿ
ಹೆಂಡತಿಗೆ ಫೋನು ಮಾಡುತ್ತೇನೆ.
ಒಳಗೆ ಹನ್ನೊಂದು ಜೊತೆ ಕಿವಿ.
ಹೊರಗೆ ಕತ್ತಲೆ ಇದೆಯಲ್ಲ, ಅದು ನನ್ನ ಕೋಣೆ.
ಬರೆಯಬೇಡಿ.

ಒಂದು ಉಳುಕಿದ ಕಾಲು. ಒಂದು ಕೋಣೆ.
ಬೆರಳು ಸ್ವಲ್ಪ ಹೊತ್ತು ಗಾಳಿಯಲ್ಲೇ ಇತ್ತು.
ಹಳದಿ ಒತ್ತಿದೆ. ಇಬ್ಬರಿಗೂ ಮೋಸ.

ವರದಿ ಬಂತು, ಹೊಳೆಯುವ ಕಾಗದ:
ಐದಕ್ಕೆ ನಾಲ್ಕು ಪಾಯಿಂಟು ಒಂದು.
ದೀಪವೂ ಬಂತು. ವರದಿಯಿಂದಲ್ಲ,
ಉಮ್ಮ್ ಸುಹೈಲ್ ಆ ಗೆಳತಿಗೆ ಒಂದು ಮಾತು ಹೇಳಿದ್ದರಂತೆ.

ಮೊನ್ನೆ ರಾತ್ರಿ ಅದೇ ಗಲ್ಲಿಯಲ್ಲಿ ಮನೆಗೆ ಮರಳುತ್ತಿದ್ದೆ.
ಕಂಬದ ಕೆಳಗೆ ಹಗಲು. ಕೇರಂ ಹಲಗೆಯ ಸುತ್ತ ಗಲಾಟೆ,
ಕಾಲುಳುಕಿದ್ದವನು ರಾಣಿಗೆ ಗುರಿಯಿಟ್ಟು ಕೂತಿದ್ದ.
ಟೀಕಾರಾಮ್ ಕಾಣಲಿಲ್ಲ. ದನಿ ಮಾತ್ರ ಕೇಳಿತು,
ಕಸದ ದೊಡ್ಡ ತೊಟ್ಟಿಯ ಹಿಂದೆ,
ಅದರ ನೆರಳು ಬೀಳುವ ಮೂರಡಿ ಜಾಗದಲ್ಲಿ,
ಒಂದು ಕೈಯಲ್ಲಿ ಫೋನು, ಇನ್ನೊಂದರಲ್ಲಿ ಮೂಗು.

ನಾಳೆಯಿಂದ ಎರಡನೇ ಸುತ್ತು. ಹೊಸದಾಗಿ ಸೇರಿಸಿದ್ದಾರೆ,
ಒಂಬತ್ತನೇ ಪ್ರಶ್ನೆ:
ನಿಮ್ಮ ಬೀದಿಯ ಕಸದ ತೊಟ್ಟಿ
ಸರಿಯಾದ ಜಾಗದಲ್ಲಿ ಇದೆಯೇ?